ದವಡೆಯಿಂದ ತೆಗೆದ ಚೀಲವನ್ನು ಕಸಕ್ಕೆ ಹಾಕಲು ಬಿಡಬೇಡಿ

ಬಲಗಡೆ ಕೆಳಗಿನ ಬುದ್ಧಿ ಹಲ್ಲು ಕೀಳಿಸಿದಾಗ ನನಗೆ 31 ವರ್ಷ. ಹಲ್ಲು ಹೊರಗೆ ಬಂದೇ ಇರಲಿಲ್ಲ, ಮೂಳೆಯೊಳಗೆ ಓರೆಯಾಗಿ ಮಲಗಿತ್ತು. ನೋವು ಅಂತ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ. ಆಗಾಗ ಬಾಯಿಗೆ ಉಪ್ಪುಪ್ಪು ನೀರು ಬಂದ ಹಾಗಾಗುತ್ತಿತ್ತು, ಬೆಳಿಗ್ಗೆ ಎದ್ದಾಗ ಕೆಟ್ಟ ರುಚಿ. ಅಮ್ಮ ಉಷ್ಣ ಅಂದರು. ಲವಂಗ, ಉಪ್ಪುನೀರು ಎಲ್ಲ ಆದ ಮೇಲೆ ಊರಿನ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋದೆವು.

ಅಲ್ಲಿ ಬಾಯೊಳಗೆ ಇಟ್ಟು ತೆಗೆಯುವ ಸಣ್ಣ ಫಿಲ್ಮಿನ ಎಕ್ಸ್‌ರೇ ತೆಗೆದರು. "ಹಲ್ಲಿನ ಸುತ್ತ ನೀರುಗುಳ್ಳೆ ಇದೆ, ಜೊತೆಗೇ ತೆಗೆದುಬಿಡೋಣ" ಎಂದರು ಡಾಕ್ಟ್ರು. ಹಲ್ಲು ಬಂತು. ಅದರ ಹಿಂದೆ ಒಂದು ತೆಳು ಚೀಲ, ಈರುಳ್ಳಿ ಪೊರೆಯಷ್ಟು ತೆಳು, ಹರಿದು ಹರಿದು ತುಂಡಾಗಿ ಬಂತು. ಒಳಗೆ ನೀರೇ ಇರಲಿಲ್ಲ. ಒಡೆದ ಹಾಲಿನ ಗಸಿಯ ಹಾಗೆ ಬೆಳ್ಳಗಿನ ಗಟ್ಟಿ ಪದಾರ್ಥ. ಸ್ಟೀಲ್ ಟ್ರೇನಲ್ಲಿ ಅದು ನನ್ನ ಕಣ್ಣೆದುರೇ ಇತ್ತು. ನನ್ನ ಬಾಯಿ ತುಂಬ ಹತ್ತಿ. ನಮ್ಮ ಯಜಮಾನರು ಕೇಳಿದರು, "ಇದನ್ನ ಟೆಸ್ಟಿಗೆ ಕಳಿಸೋದಿಲ್ವಾ ಸಾರ್?"

"ಸುಮ್ನೆ ಯಾಕೆ ಖರ್ಚು, ಇದು ಮಾಮೂಲಿ."

ರಕ್ತದ ಹತ್ತಿಯ ಜೊತೆ ಆ ಚೀಲವೂ ಬಕೆಟ್ಟಿಗೆ ಹೋಯಿತು. ಈ ಬರಹ ಬರೆಯುತ್ತಿರುವುದೇ ಆ ಒಂದು ಕ್ಷಣಕ್ಕಾಗಿ.

ಎರಡೂವರೆ ವರ್ಷ ಏನೂ ಗೊತ್ತಾಗಲಿಲ್ಲ. ನಾನು ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಒಂದು ದಿನ ಮಧ್ಯಾಹ್ನ ಮಕ್ಕಳ ಜೊತೆ ಬಿಸಿಯೂಟ ಮಾಡಿ ಎದ್ದಾಗ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತಿರ ಬಂದು, "ಮಿಸ್, ಗದ್ದದ ಮೇಲೆ ಅನ್ನ ಅಂಟಿದೆ" ಎಂದಳು. ಕೈಯಿಟ್ಟು ನೋಡಿದೆ. ಅನ್ನದ ಅಗುಳು ಇತ್ತು. ನನ್ನ ಬೆರಳು ಗದ್ದವನ್ನು ಮುಟ್ಟಿದ್ದು ಬೆರಳಿಗೆ ಗೊತ್ತಾಯಿತು, ಗದ್ದಕ್ಕೆ ಗೊತ್ತಾಗಲಿಲ್ಲ. ಬಲಗಡೆ ಕೆಳತುಟಿಯೂ ಹಾಗೇ, ಜೋಮು ಹಿಡಿದಂತೆ.

ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡುವ ನರ ಕೆಳದವಡೆಯ ಮೂಳೆಯೊಳಗಿನ ಕಾಲುವೆಯಲ್ಲೇ ಹರಿದು ಬರುತ್ತದೆ. ಹಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಕೊಡದೆ ತುಟಿ ಮರಗಟ್ಟಿದರೆ ಒಳಗೆ ಏನೋ ಆ ನರವನ್ನು ಒತ್ತುತ್ತಿದೆ ಅಥವಾ ತಿನ್ನುತ್ತಿದೆ ಅಂತ ಅರ್ಥ ಇರಬಹುದು. ಅದನ್ನು ವೀಕ್‌ನೆಸ್ ಎಂದು ವಿಟಮಿನ್ ಮಾತ್ರೆ ನುಂಗಿಕೊಂಡು ಕೂರಬೇಡಿ.

ಈ ಸಲ ಹಟ ಮಾಡಿ ಒಂದು ಡೆಂಟಲ್ ಕಾಲೇಜಿಗೆ ಹೋದೆವು. ಅಲ್ಲಿ ಓಪಿಜಿ ತೆಗೆದರು. ಗದ್ದ ಒಂದು ಕಡೆ ಇಟ್ಟು ನಿಂತರೆ ಮಿಷನ್ನು ತಲೆಯ ಸುತ್ತ ತಿರುಗಿ ಎರಡೂ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ ಅದು. ಬಲಗಡೆ ದವಡೆ ಹಲ್ಲುಗಳ ಕೆಳಗಿನಿಂದ ಕಿವಿಯ ಹತ್ತಿರದವರೆಗೆ ಕಪ್ಪು. ಮೂಳೆ ಇರಬೇಕಾದ ಜಾಗ ಟೊಳ್ಳು, ಅಂಚಿನಲ್ಲಿ ಮೊಟ್ಟೆ ಚಿಪ್ಪಿನಷ್ಟು ಮಾತ್ರ ಉಳಿದಿತ್ತು. "ಗಟ್ಟಿ ಏನೂ ಕಚ್ಚಬೇಡಿಮ್ಮ, ದವಡೆ ಮುರಿದೀತು" ಎಂದರು ಅಲ್ಲಿನ ಮೇಡಂ. ಹಳೆಯ ಸಣ್ಣ ಫಿಲ್ಮನ್ನು ಬೀರುವಿನಿಂದ ಹುಡುಕಿ ಒಯ್ದಿದ್ದೆ. ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಲ್ಲಿನ ಹಿಂದೆ ಶುರುವಾದ ಕಪ್ಪು ನೆರಳು ಫಿಲ್ಮಿನ ಅಂಚಿಗೆ ಹೋಗಿ ಅಲ್ಲೇ ತುಂಡಾಗಿತ್ತು. ಆಚೆಗೆ ಎಷ್ಟಿದೆ ಅಂತ ಅವತ್ತು ಯಾರೂ ನೋಡಿಯೇ ಇರಲಿಲ್ಲ.

ಬಯಾಪ್ಸಿ, ಅಂದರೆ ಒಂದು ಚೂರು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ, ಮಾಡಬೇಕು ಎಂದರು. ಇಲ್ಲಿ ನಮ್ಮದೂ ತಪ್ಪಿದೆ. ಚಿಕ್ಕಮ್ಮ, "ಚಾಕು ತಾಗಿಸಿದರೆ ಗಡ್ಡೆ ಹರಡುತ್ತೆ ಕಣೇ" ಎಂದು ಅತ್ತುಕೊಂಡು ಬಂದರು. ಆ ಮಾತಿಗೆ ಹೆದರಿ ಎರಡು ತಿಂಗಳು ಕಳೆದೆ. ಬಯಾಪ್ಸಿಗೆ ಹೆದರಿ ತಡ ಮಾಡುವುದರಿಂದಲೇ ಜಾಸ್ತಿ ಹಾನಿ ಎಂದು ಮೇಡಂ ಆಮೇಲೆ ಬಿಡಿಸಿ ಹೇಳಿದರು. ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಬೆಳೆಯುವ ಸಾಧಾರಣ ಸಿಸ್ಟ್, ಅಂದರೆ ನೀರುಗುಳ್ಳೆಯಂಥ ಚೀಲ, ಇದೆ. ಹುಟ್ಟದ ಹಲ್ಲಿನ ತಲೆಯ ಸುತ್ತ ಬೆಳೆಯುವುದು ಇನ್ನೊಂದು. ಅಮೆಲೋಬ್ಲಾಸ್ಟೋಮಾ ಎಂಬ ಗಡ್ಡೆಯೂ ಇದೆ. ಎಕ್ಸ್‌ರೇಯಲ್ಲಿ ಇವೆಲ್ಲ ಒಂದೇ ಥರ ಕಾಣಬಹುದು. ಯಾವುದು ಯಾವುದೆಂದು ಹೇಳುವುದು ಲ್ಯಾಬಿನ ಮೈಕ್ರೋಸ್ಕೋಪು ಮಾತ್ರ.

ನನ್ನ ರಿಪೋರ್ಟಿನಲ್ಲಿ ಬಂದದ್ದು ಓಡಾಂಟೋಜೆನಿಕ್ ಕೆರಾಟೋಸಿಸ್ಟ್. ಆ ರಾತ್ರಿ ಫೋನಿನಲ್ಲಿ ಹುಡುಕಿದರೆ ಎಲ್ಲೆಲ್ಲೂ 'ಟ್ಯೂಮರ್' ಎಂದೇ ಇತ್ತು. ಬೆಳಗಾಗುವವರೆಗೆ ಅತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಟ್ಯೂಮರ್ ಪಟ್ಟಿಗೆ ಹಾಕಿ, 2017ರಲ್ಲಿ ಮತ್ತೆ ಸಿಸ್ಟ್ ಎಂದು ಬದಲಿಸಿತಂತೆ. ಕ್ಯಾನ್ಸರ್ ಅಲ್ಲ. ಆದರೆ ಬೇರೆ ಸಿಸ್ಟಿನ ಹಾಗೆ ಸುಮ್ಮನಿರುವುದೂ ಅಲ್ಲ. ಮುಖ ಊದಿಸದೆ ಮೂಳೆಯೊಳಗೇ ಉದ್ದಕ್ಕೆ ಹರಡುತ್ತದೆ. ಪೊರೆ ತೆಳು, ಒಂದು ಚೂರು ಉಳಿದರೂ ಅಲ್ಲಿಂದ ಮತ್ತೆ ಬೆಳೆಯಬಹುದು. ಮೊದಲ ಸಲವೇ ಹೆಸರು ಗೊತ್ತಾಗಿದ್ದರೆ ಆರಾರು ತಿಂಗಳಿಗೆ ಎಕ್ಸ್‌ರೇ ತೆಗೆಸುತ್ತಿದ್ದೆ, ಚಿಕ್ಕದಿರುವಾಗಲೇ ಸಿಗುತ್ತಿತ್ತು ಅಲ್ವಾ?

ಮೇಡಂ ನನ್ನ ಎರಡೂ ಅಂಗೈ ತಿರುಗಿಸಿ ನೋಡಿದರು. ಇಂಥ ಸಿಸ್ಟ್ ಹಲವು ಕಡೆ ಬರುವ ಗೋರ್ಲಿನ್ ಸಿಂಡ್ರೋಮ್ ಎಂಬ ವಂಶದ ಕಾಯಿಲೆ ಇದ್ದರೆ ಹೆಚ್ಚಿನವರ ಅಂಗೈಯಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವಂತೆ. ನನಗೆ ಇರಲಿಲ್ಲ.

ಒಂದೇ ಸಲ ತೆಗೆದರೆ ದವಡೆ ಮುರಿಯುವ ಭಯ. ಹಾಗಾಗಿ ಮೊದಲು ಸಿಸ್ಟಿಗೆ ಬಾಯೊಳಗೆ ಒಂದು ಕಿಟಕಿ ತೆರೆದು, ಮುಚ್ಚಿಕೊಳ್ಳದ ಹಾಗೆ ನಳಿಗೆ ಕೂರಿಸಿದರು. ಒಳಗಿನ ಒತ್ತಡ ಇಳಿದರೆ ಸುತ್ತ ಹೊಸ ಮೂಳೆ ತುಂಬುತ್ತದೆ. ಒಂಬತ್ತು ತಿಂಗಳು ದಿನಕ್ಕೆ ಮೂರು ಹೊತ್ತು ಕನ್ನಡಿ ಮುಂದೆ ನಿಂತು ಸಿರಿಂಜಿನಿಂದ ಸಲೈನ್ ಬಿಟ್ಟು ತೊಳೆದಿದ್ದೇನೆ. ಸ್ಕೂಲಿನಲ್ಲಿ ಊಟದ ಬೆಲ್ಲಾದ ಮೇಲೆ ಸ್ಟಾಫ್ ರೂಮಿನ ನಲ್ಲಿ ಹತ್ತಿರವೂ. ಮೊದಮೊದಲು ಆ ಬಿಳಿ ಗಸಿ ಬರುತ್ತಿತ್ತು, ಆಮೇಲೆ ಬರೀ ನೀರು.

ವಾರ್ಡಿನಲ್ಲಿ ಪಕ್ಕದ ಮಂಚದ ಹುಡುಗನದು ಅಮೆಲೋಬ್ಲಾಸ್ಟೋಮಾ. ಎರಡು ಸಲ ಬೇರೆಲ್ಲೋ ಕೆರೆದು ತೆಗೆಸಿದ್ದನಂತೆ, ಎರಡೂ ಸಲ ಮರಳಿತ್ತು. ಅದನ್ನು ಸಾಮಾನ್ಯವಾಗಿ ಸುತ್ತಲಿನ ಒಳ್ಳೆಯ ಮೂಳೆ ಸಮೇತ ಕತ್ತರಿಸಬೇಕಾಗುತ್ತದೆ. ಅವನಿಗೆ ಅರ್ಧ ದವಡೆ ತೆಗೆದು ಕಾಲಿನ ಮೂಳೆಯಿಂದ ಹೊಸದು ಕಟ್ಟಿದರು. ಅವನ ತಾಯಿ ಗಂಜಿ ಕುಡಿಸುವಾಗ ನಾನು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ಕೊನೆಯ ಆಪರೇಷನ್ನಿನಲ್ಲಿ ಚೀಲ ಪೂರ್ತಿ ತೆಗೆದು, ಸುತ್ತಲಿನ ಮೂಳೆಯನ್ನೂ ಒಂದು ಪದರ ಸವೆಸಿದರು. ಎಚ್ಚರವಾದ ಮೇಲೆ ನಮ್ಮ ಯಜಮಾನರು ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ತೆಗೆದದ್ದು ಕೆಡದಂತೆ ಇಡುವ ಫಾರ್ಮಲಿನ್ ದ್ರವ ತುಂಬಿದ ಡಬ್ಬಿ, ಅದರ ಮೇಲೆ ನನ್ನ ಹೆಸರು, ವಯಸ್ಸು, 'ಬಲ ಕೆಳದವಡೆ' ಎಂದು ಪೆನ್ನಿನಲ್ಲಿ ಬರೆದ ಚೀಟಿ. ಲ್ಯಾಬಿಗೆ ಹೋಗುವ ಮುಂಚೆ ಅವರೇ ಕೇಳಿ ತೆಗೆದುಕೊಂಡಿದ್ದರು.

ದಯವಿಟ್ಟು ಹಲ್ಲಿನ ಕುರ್ಚಿಯಲ್ಲಿ ಕೂರುವ ಮುಂಚೆಯೇ ಕೇಳಿ, ತೆಗೆದದ್ದನ್ನು ಯಾವ ಲ್ಯಾಬಿಗೆ ಕಳಿಸುತ್ತೀರಿ, ರಿಪೋರ್ಟು ಯಾವತ್ತು ಸಿಗುತ್ತದೆ ಅಂತ. ಬಾಯಿ ತುಂಬ ಹತ್ತಿ ತುಂಬಿದ ಮೇಲೆ ಕೇಳಲಾಗುವುದಿಲ್ಲ. ಒಳಗೇ ಉಳಿದ ಹಲ್ಲಿದ್ದರೆ ಓಪಿಜಿ ತೆಗೆಸಿ, ಎಕ್ಸ್‌ರೇಗಳನ್ನು ಎಸೆಯದೆ ಇಟ್ಟುಕೊಳ್ಳಿ.

ನನ್ನ ತುಟಿಯ ಸ್ಪರ್ಶ ಮುಕ್ಕಾಲು ಪಾಲು ಮರಳಿದೆ. ಊಟ ಆದ ಮೇಲೆ ಈಗಲೂ ಗದ್ದ ಒರೆಸಿಕೊಳ್ಳುತ್ತೇನೆ. ಮುಂದಿನ ಓಪಿಜಿ ದಸರಾ ರಜೆಯಲ್ಲಿ.