ಬಸ್ಟರ್ ಕೀಟನ್ ಬ್ಲೂ-ರೇ ಸೆಟ್: ಚಿತ್ರ ಅದ್ಭುತ, ಹಿನ್ನೆಲೆ ಸಂಗೀತ ಹಾಗಲ್ಲ

ಮಲ್ಲೇಶ್ವರದಲ್ಲಿ ಮಕ್ಕಳಿಗೆ ಮೃದಂಗ ಹೇಳಿಕೊಡ್ತೀನಿ. ನನ್ನ ಪಾಲಿಗೆ ಹಾಲಿವುಡ್ ಮೂಕಿ ಚಿತ್ರಗಳ ಹಾಸ್ಯನಟ ಕೀಟನ್ ಲಯದ ಮೇಷ್ಟ್ರು, ಅದಕ್ಕೇ ಈ ಸೆಟ್ ತರಿಸಿದೆ.

ಮೊದಲು 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಹಾಕಿ. ಬಿರುಗಾಳಿಗೆ ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತೆ. ತೆರೆದ ಕಿಟಕಿಯ ಜಾಗ ಸರಿಯಾಗಿ ಅವನು ನಿಂತ ಕಡೆಗೇ ಬಂದು ಜೀವ ಉಳಿಯುತ್ತೆ. ಗೋಡೆ ನಿಜವಾಗಿಯೂ ಭಾರದ್ದು, ಸುತ್ತ ಉಳಿದ ಅಂತರ ಕೆಲವೇ ಅಂಗುಲ. ಪ್ರಿಂಟ್ ಎಷ್ಟು ಸ್ವಚ್ಛವಾಗಿದೆಯೆಂದರೆ ಏಳುವ ಧೂಳೂ ಕಾಣುತ್ತೆ. ಗೋಡೆ ಬಿದ್ದ ಮೇಲೆ ಅವನು ಒಂದು ಗಳಿಗೆ ತಡೆದು, ಆಮೇಲೆ ಓಡುತ್ತಾನೆ. ಆ ತಡೆ ಇದೆಯಲ್ಲ, ಮೃದಂಗದಲ್ಲಿ ಮುಕ್ತಾಯದ ನಂತರದ ಕಾರ್ವೆ, ಅಂದರೆ ಲೆಕ್ಕದ ಮೌನ, ಅದರ ಹಾಗೆ! ಡಿಸ್ಕಿನ ಪಿಯಾನೋ ಮಾತ್ರ ಅಲ್ಲಿ ಸುಮ್ಮನಿರೋದೇ ಇಲ್ಲ. ಸೌಂಡ್ ಮ್ಯೂಟ್ ಮಾಡಿ ನೋಡಿ, ನಗು ಇಮ್ಮಡಿಯಾಗುತ್ತೆ.

ಜೊತೆಗಿರೋ ಪುಸ್ತಿಕೆ ಚೆನ್ನಾಗಿದೆ. 1895ರಲ್ಲಿ ಕಾನ್ಸಸ್‌ನಲ್ಲಿ ಹುಟ್ಟಿದ್ದು, ಪುಟ್ಟ ವಯಸ್ಸಿಗೇ ಅಪ್ಪ-ಅಮ್ಮನ ಜೊತೆ ರಂಗಕ್ಕೇರಿದ್ದು, 1924ರ 'ಶೆರ್ಲಾಕ್ ಜೂನಿಯರ್' ಚಿತ್ರೀಕರಣದಲ್ಲಿ ಕತ್ತಿನ ಮೂಳೆ ಬಿರುಕುಬಿಟ್ಟು ಎಷ್ಟೋ ವರ್ಷದ ಮೇಲೆ ಎಕ್ಸ್‌ರೇಯಲ್ಲಿ ಗೊತ್ತಾಗಿದ್ದು, ಎಲ್ಲ ಇದೆ. ಆದರೆ 1928ರಲ್ಲಿ ಎಂಜಿಎಂ ಅನ್ನೋ ದೊಡ್ಡ ಹಾಲಿವುಡ್ ಸ್ಟುಡಿಯೋ ಸೇರಿ ತನ್ನ ಚಿತ್ರಗಳ ಮೇಲಿನ ಹಿಡಿತ ಕಳೆದುಕೊಂಡ ಕಥೆಗೆ ಒಂದೇ ಪ್ಯಾರಾ. ಅದು ಅನ್ಯಾಯ, ಅವನ ಬದುಕಿನ ದೊಡ್ಡ ಪೆಟ್ಟೇ ಅದು.

ಕನ್ನಡ ಸಬ್‌ಟೈಟಲ್ ಇಲ್ಲ, ಬೆಲೆಯೂ ಜಾಸ್ತಿ. ಆದರೂ ತಾಳ ಕಲಿಯೋ ಮಕ್ಕಳಿರೋ ಮನೆಯವರು ಖಂಡಿತ ಕೊಳ್ಳಿ.