ಕಲ್ಲುಗೋಡೆ ಮನೆಗೆ ವೈಫೈ ಕರೆ: ರಿಪೀಟರ್, ಮೆಶ್, ವೈರ್ ಎಳೆದ ಎರಡು ರೂಟರ್

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಳೇ ಮನೆಗಳಿಗೆ ಸೈಜುಗಲ್ಲಿನ ದಪ್ಪ ಗೋಡೆ, ಮೇಲೆ ಕಲ್ಲು ಚಪ್ಪಡಿ. ಬೇಸಿಗೆಯಲ್ಲಿ ತಂಪು, ರೇಡಿಯೋ ತರಂಗಕ್ಕೆ ಮಾತ್ರ ದೊಡ್ಡ ಅಡ್ಡಿ. ಚಿಕ್ಕಬಳ್ಳಾಪುರದ ನಮ್ಮ ಮನೆಯೂ ಅಂಥದ್ದೇ. ನಡುಮನೆ ದಾಟಿದರೆ 4ಜಿ ಸಿಗುವುದಿಲ್ಲ. ವೈಫೈ ಕರೆಯೇ ಗತಿ. ಹಾಗಾಗಿ ನಾನು ಡೌನ್‌ಲೋಡ್ ವೇಗ ಅಳೆಯುತ್ತಾ ಕೂರಲಿಲ್ಲ. ಅಮ್ಮ ಶಿಡ್ಲಘಟ್ಟದ ಅಕ್ಕನ ಜೊತೆ ಮಾತಾಡುತ್ತಾ ಪಡಸಾಲೆಯಿಂದ ಅಡುಗೆಮನೆಗೆ ನಡೆದರೆ ಕರೆ ಉಳಿಯುತ್ತದೆಯೇ ಅನ್ನುವುದೊಂದೇ ಪರೀಕ್ಷೆ.

ರೂಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುವ ರಿಪೀಟರ್ ಅಗ್ಗ, ಪ್ಲಗ್ಗಿಗೆ ಸಿಕ್ಕಿಸಿದರೆ ಮುಗಿಯಿತು. ಆದರೆ ಒಂದೇ ರೇಡಿಯೋ ಇರುವ ರಿಪೀಟರ್ ಕೇಳುವುದೂ ಹೇಳುವುದೂ ಒಂದೇ ಚಾನೆಲ್‌ನಲ್ಲಿ, ಸಾಮರ್ಥ್ಯ ಅರ್ಧಕ್ಕಿಳಿಯುತ್ತದೆ. ವಿಡಿಯೋ ಇದನ್ನು ತಡೆದುಕೊಳ್ಳುತ್ತದೆ. ಮಾತು ಹಾಗಲ್ಲ: ಅದನ್ನು ಚೂರುಚೂರಾಗಿ ಹೊತ್ತೊಯ್ಯುವ ಪ್ಯಾಕೆಟ್ಟುಗಳು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು. ತಡವಾಗಿ ಬಂದದ್ದು ಪ್ರಯೋಜನಕ್ಕಿಲ್ಲ. ಅಕ್ಕನ ಮಾತು ತುಂಡುತುಂಡಾಗಿ ಕೇಳಿಸಿತು.

ಮೆಶ್, ಅಂದರೆ ಒಂದೇ ಜಾಲವಾಗಿ ಜೊತೆಗೂಡಿ ಕೆಲಸ ಮಾಡುವ ವೈಫೈ ಪೆಟ್ಟಿಗೆಗಳು, ಇದಕ್ಕಿಂತ ಎಷ್ಟೋ ಮೇಲು. ಮೊಬೈಲ್ ಜಾಲದಲ್ಲಿ ಕರೆಯನ್ನು ಒಂದು ಟವರಿನಿಂದ ಇನ್ನೊಂದಕ್ಕೆ ದಾಟಿಸುವ ತೀರ್ಮಾನ ಜಾಲದ್ದು. ವೈಫೈನಲ್ಲಿ ಅದು ಫೋನಿನದೇ. ಫೋನು ಹಳೇ ಸಿಗ್ನಲ್ಲನ್ನೇ ಕೊನೇ ಉಸಿರಿನ ತನಕ ಹಿಡಿದುಕೊಂಡಿರುತ್ತದೆ. ಮೆಶ್‌ನಲ್ಲಿ 802.11ಕೆ ಎಂಬ ವೈಫೈ ಮಾನದಂಡ ಇದ್ದರೆ ಅಕ್ಕಪಕ್ಕದ ಚಾನೆಲ್‌ಗಳ ಪಟ್ಟಿಯನ್ನು ಫೋನಿಗೆ ಮೊದಲೇ ಕೊಡುತ್ತದೆ; 802.11ವಿ ‘ಅತ್ತ ಹೋಗು’ ಎಂದು ಸೂಚಿಸುತ್ತದೆ. ಅಮ್ಮ ನಡೆದಾಗ ಮಾತು ಅರೆಕ್ಷಣ ನಿಂತು ಮುಂದುವರಿಯಿತು. ತೊಂದರೆ ಬೇರೆ ಕಡೆ: ಎರಡು ಪೆಟ್ಟಿಗೆಗಳ ನಡುವಿನ ಕೊಂಡಿಯೂ 5 ಗಿಗಾಹರ್ಟ್ಸ್‌ನ ಅದೇ ಚಾನೆಲ್ಲಿನಲ್ಲಿ, ಅದೂ ಕಲ್ಲುಗೋಡೆ ತೂರಿ. ಯಾರಾದರೂ ಸಿನಿಮಾ ಹಾಕಿದರೆ ಕರೆ ಗೊಗ್ಗರಾಗುತ್ತಿತ್ತು.

ನನ್ನ ಮತ ಮೂರನೆಯದಕ್ಕೆ. ಕಿಟಕಿ ಚೌಕಟ್ಟಿನ ಸಂದಿಯಲ್ಲಿ ಕ್ಯಾಟ್ 6 ಕೇಬಲ್ ಎಳೆದು ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ (ಮೊದಲನೆಯದರ ಜಾಲಕ್ಕೇ ವೈಫೈ ಕೊಡುವ ಪೆಟ್ಟಿಗೆ) ಮಾಡಿದೆ. ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ. ಚಾನೆಲ್ ಹಂಚಿಕೆ ಈಗ ನಮ್ಮ ಕೈಯಲ್ಲಿ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವೆ ಅಂತರ 5 ಮೆಗಾಹರ್ಟ್ಸ್, ಒಂದೊಂದಕ್ಕೆ ಬೇಕಾದ ಜಾಗ 20. ಒಂದರ ಮೇಲೊಂದು ಬೀಳದಿರಲಿ ಅಂದರೆ 1, 6, 11 ಬಳಸುವುದು ವಾಡಿಕೆ. 6ರಲ್ಲಿ ಪಕ್ಕದ ಮನೆಯವರಿದ್ದರು. ಪಡಸಾಲೆಗೆ 1, ಅಡುಗೆಮನೆಗೆ 11 ಕೊಟ್ಟೆ. 5 ಗಿಗಾಹರ್ಟ್ಸ್‌ನಲ್ಲಿ 36 ಮತ್ತು 149. ನಡುವಿನ 52ರಿಂದ 144ರವರೆಗಿನವು ಬೇಡ: ರೇಡಾರ್ ಕಂಡರೆ ರೂಟರ್ ಆ ಚಾನೆಲ್ ಖಾಲಿ ಮಾಡಬೇಕು, ಕರೆ ನಡೆಯುತ್ತಿದ್ದರೂ.

ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟುವಾಗ ಭದ್ರತಾ ಕೀಲಿಯ ಬದಲಾವಣೆಯನ್ನು ಚುರುಕುಮಾಡುವ 802.11ಆರ್ ಇಲ್ಲದ್ದು ಇಲ್ಲಿ ಕೊರತೆ ಅನ್ನಿಸಲಿಲ್ಲ. ಮನೆಯ ಪಾಸ್‌ವರ್ಡಿನಲ್ಲಿ ಆ ಬದಲಾವಣೆ ಹೇಗೂ ಬೇಗ ಮುಗಿಯುತ್ತದೆ. ಹೊತ್ತು ಹಿಡಿಯುವುದು ಹೊಸ ಸಿಗ್ನಲ್ ಹುಡುಕುವುದಕ್ಕೆ. ಐಫೋನ್ ಆ ಹುಡುಕಾಟ ಶುರುಮಾಡುವುದು ಸಿಗ್ನಲ್ ಬಲ ಮೈನಸ್ 70 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ) ಕೆಳಗಿಳಿದ ಮೇಲೆ. ಕಲ್ಲಿನ ಮನೆಯಲ್ಲಿ ಬಾಗಿಲು ದಾಟಿದೊಡನೆ ಸಿಗ್ನಲ್ ಕುಸಿಯುವುದರಿಂದ, ಎರಡನೆಯದನ್ನು ಮೊದಲಿನ ಕೋಣೆಯಿಂದಲೇ ಬಾಗಿಲ ನೇರಕ್ಕೆ ಕಾಣುವಂತೆ ಇಟ್ಟೆ, ಮೊದಲನೆಯದರ ಪವರ್ ತಗ್ಗಿಸಿದೆ. ಅದಾದಮೇಲೆ ಅಮ್ಮನಿಗೆ ದಾಟಿದ್ದೇ ಗೊತ್ತಾಗುವುದಿಲ್ಲ.

ಬಾಡಿಗೆ ಮನೆ, ವೈರ್ ಎಳೆಯಲು ಓನರ್ ಬಿಡುವುದಿಲ್ಲ ಅಂದರೆ ಮೆಶ್ ತಗೊಳ್ಳಿ. ಕೂತಲ್ಲೇ ಫೋನ್ ನೋಡುವವರಿಗೆ ರಿಪೀಟರ್ ಸಾಕು. ವೈರ್ ಎಳೆಯುವವರು ಎರಡು ಪೆಟ್ಟಿಗೆಗೂ ಚಿಕ್ಕ ಯುಪಿಎಸ್ ಹಾಕಿಸಿ. ಕರೆಂಟ್ ಹೋದಾಗ ಒಂದಕ್ಕೆ ಮಾತ್ರ ಇದ್ದರೆ ಕರೆ ಅರ್ಧ ಮನೆಯಲ್ಲೇ ನಿಂತುಹೋಗುತ್ತದೆ.