ರೈಸ್ ಮಿಲ್ ಲೆಕ್ಕಕ್ಕೆ ಕ್ಯೂಟೇಬಲ್‌ವ್ಯೂ: ಬಳಸುವವನ ಅಭಿಪ್ರಾಯ

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳಿಗೆ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆದುಕೊಡೋದು ನನ್ನ ಕೆಲಸ. ಮಿಲ್ಲಿನ ಸಾಫ್ಟ್‌ವೇರ್ ಅಂದ್ರೆ ಮುಕ್ಕಾಲು ಪಾಲು ಒಂದು ಟೇಬಲ್ಲೇ: ಲಾರಿ ನಂಬರು, ರೈತರ ಹೆಸರು, ಊರು, ಚೀಲ, ತೂಕ, ತೇವಾಂಶ, ಹಮಾಲಿ, ಬಾಕಿ. ಅದು ತಡವರಿಸಿದರೆ ಕಾಟಾ ಮುಂದೆ ಲಾರಿಗಳು ಸಾಲುಗಟ್ಟುತ್ತವೆ. ನಾನು ಈಗ ಎಲ್ಲ ಕಡೆ ಹಾಕೋದು ಕ್ಯೂಟೇಬಲ್‌ವ್ಯೂ, ಅಂದ್ರೆ ಪೈಥಾನ್ ಭಾಷೆಯಲ್ಲಿ ವಿಂಡೋ, ಬಟನ್ ಮಾಡೋಕೆ ಬಳಸೋ ಪೈಸೈಡ್6 ಲೈಬ್ರರಿಯಲ್ಲಿ ಟೇಬಲ್ ತೋರಿಸೋ ಭಾಗ.

ಇದೇ ಲೈಬ್ರರಿಯಲ್ಲಿ ಕ್ಯೂಟೇಬಲ್‌ವಿಜೆಟ್ ಅಂತ ಇನ್ನೊಂದಿದೆ. ಕಲಿಯೋಕೆ ಸುಲಭ, ಒಂದೊಂದು ಖಾನೆಗೂ ಒಂದೊಂದು ಐಟಂ ತುಂಬುತ್ತಾ ಹೋದರಾಯ್ತು. ಸಣ್ಣ ರೇಟ್ ಪಟ್ಟಿಗೆ ಅದೇ ಸಾಕು. ಆದರೆ 50,000 ಸಾಲು, 12 ಕಾಲಂ ಅಂದ್ರೆ 6 ಲಕ್ಷ ಐಟಂ ಮೆಮೊರಿಯಲ್ಲಿ ಬಂದು ಕೂರುತ್ತವೆ. ಕ್ಯೂಟೇಬಲ್‌ವ್ಯೂ ಹಾಗಲ್ಲ, ಎಷ್ಟು ಸಾಲು, ಎಷ್ಟು ಕಾಲಂ ಅಂತ ಮೊದಲು ಕೇಳಿಕೊಂಡು, ಪರದೆ ಮೇಲೆ ಕಾಣೋ ಖಾನೆಗಳಿಗಷ್ಟೇ ನಮ್ಮ ಮಾಡೆಲ್‌ನ (ಟೇಬಲ್‌ಗೆ ಮಾಹಿತಿ ಒದಗಿಸೋಕೆ ನಾವು ಬರೆಯೋ ಕೋಡ್) ಡೇಟಾ ಫಂಕ್ಷನ್ ಕರೆಯುತ್ತದೆ. ಸುಗ್ಗಿಯ ಆವಕ ಪೂರ್ತಿ ಒಂದೇ ಟೇಬಲ್‌ಗೆ ಹಾಕಿದರೂ ಸ್ಕ್ರೋಲ್ ನಿಲ್ಲುವುದಿಲ್ಲ. ಬಣ್ಣ, ಅಲೈನ್‌ಮೆಂಟ್ ಕೂಡ ಅದೇ ಫಂಕ್ಷನ್‌ನಲ್ಲೇ ಹೇಳಬಹುದು. ಭತ್ತದ ತೇವಾಂಶ ಬೆಂಬಲ ಬೆಲೆ ಖರೀದಿಯ ಮಿತಿಯಾದ ಶೇ. 17 ದಾಟಿದರೆ ಖಾನೆ ಕೆಂಪಾಗುವಂತೆ ಮಾಡಿದ್ದೇನೆ.

ನನಗೆ ಹೆಚ್ಚು ಹಿಡಿಸಿದ್ದು ಸಾರ್ಟಿಂಗ್. ಒಂದು ಮಿಲ್ಲಿನಲ್ಲಿ ಮೊದಲಿದ್ದ ಯಾವುದೋ ಸಾಫ್ಟ್‌ವೇರ್ ತೋರಿಸಿ ಗುಮಾಸ್ತ ಕಾಕಾ ಕೇಳಿದ್ದರು: "ತಮ್ಮಾ, ದೊಡ್ಡ ಬಾಕಿ ಮ್ಯಾಲ ಬರ್ಲಿ ಅಂತ ಒತ್ತಿದ್ರ 98,600 ಮ್ಯಾಲ ಕುಂತೈತಿ, 1,02,450 ಕೆಳಗ ಐತಿ. ಇದ್ಯಾವ ಲೆಕ್ಕಪಾ?" ಅದು ಅಂಕಿಯನ್ನು ಅಕ್ಷರ ಅಂತ ತಿಳಿದು ಜೋಡಿಸುತ್ತಿತ್ತು, 9 ಅನ್ನೋದು 1ಕ್ಕಿಂತ ದೊಡ್ಡದು, ಅಷ್ಟೇ ಅದರ ಬುದ್ಧಿ. ಇಲ್ಲಿ ಕಣ್ಣಿಗೆ ಕಾಣೋ ಬರಹ ಬೇರೆ, ಜೋಡಿಸೋಕೆ ಕೊಡೋ ಬೆಲೆ ಬೇರೆ ಇಡಬಹುದು. ಮಾಡೆಲ್‌ಗೂ ಟೇಬಲ್‌ಗೂ ನಡುವೆ ನಿಂತು ಜೋಡಿಸೋ, ಸೋಸೋ ಕೆಲಸ ಮಾಡೋ ಕ್ಯೂಸಾರ್ಟ್‌ಫಿಲ್ಟರ್‌ಪ್ರಾಕ್ಸಿಮಾಡೆಲ್‌ಗೆ ಸಾರ್ಟ್ ರೋಲ್ (ಯಾವ ಬೆಲೆ ನೋಡಿ ಜೋಡಿಸಬೇಕು ಅನ್ನೋದು) ಹೇಳಿಬಿಟ್ಟರೆ ಕಾಮಾ ಹಾಕಿದ ಮೊತ್ತವೂ ಸರಿಯಾಗಿ ಕೂರುತ್ತದೆ.

ಆದರೆ ಅದೇ ಪ್ರಾಕ್ಸಿ ಪೈಥಾನ್‌ನಲ್ಲಿ ಸ್ವಲ್ಪ ನಿಧಾನ, ಪ್ರತಿ ಹೋಲಿಕೆಗೂ ನಮ್ಮ ಪೈಥಾನ್ ಕೋಡಿಗೆ ಬಂದು ಹೋಗಬೇಕಲ್ಲ. ಹುಡುಕೋ ಬಾಕ್ಸ್‌ನಲ್ಲಿ ಒಂದೊಂದು ಅಕ್ಷರಕ್ಕೂ ಫಿಲ್ಟರ್ ಓಡಿಸದೆ, ಟೈಪ್ ನಿಂತ 300 ಮಿಲಿಸೆಕೆಂಡ್ ಮೇಲೆ ಓಡಿಸಿ. ಸಾಲು ಲಕ್ಷ ದಾಟಿದರೆ ಆ ಕೆಲಸ ಡೇಟಾಬೇಸ್‌ಗೇ ಬಿಡೋದು ವಾಸಿ.

ಸಿಟ್ಟು ಬರೋದು ಎರಡಕ್ಕೆ. ಕೆಳಗೆ ಒಟ್ಟು ತೋರಿಸೋ ಸಾಲು ಇದರಲ್ಲಿ ಇಲ್ಲ. ಟೋಟಲ್ ಇಲ್ಲದ ಪಟ್ಟಿಯನ್ನು ಯಾವ ಗುಮಾಸ್ತರು ಒಪ್ಪುತ್ತಾರೆ? ಕೆಳಗೆ ಒಂದೇ ಸಾಲಿನ ಇನ್ನೊಂದು ಟೇಬಲ್ ಇಟ್ಟು, ಮೇಲಿನ ಕಾಲಂ ಎಳೆದಾಗ ಕೆಳಗಿನದೂ ಅಗಲವಾಗುವಂತೆ ನಾವೇ ಹೊಂದಿಸಬೇಕು. ಬಲಕ್ಕೆ ಸರಿಸಿದಾಗ ರೈತರ ಹೆಸರಿನ ಕಾಲಂ ನಿಂತಲ್ಲೇ ನಿಲ್ಲಬೇಕೆಂದರೂ ಹಾಗೇ. ಪೈಸೈಡ್6ಗೆ ಆಧಾರವಾದ ಕ್ಯೂಟಿ ಲೈಬ್ರರಿಯವರೇ ಮಾದರಿ ಕೋಡ್ ಕೊಟ್ಟಿದ್ದಾರೆ, ಅದರಲ್ಲೂ ಒಂದು ಟೇಬಲ್ ಮೇಲೆ ಇನ್ನೊಂದು ಟೇಬಲ್ ಕೂರಿಸೋ ಉಪಾಯವೇ.

ಕನ್ನಡ ಅಚ್ಚುಕಟ್ಟಾಗಿ ಮೂಡುತ್ತದೆ. ಹೆಚ್ಚು ಸಾಲು ಹಿಡಿಸಲಿ ಅಂತ ಸಾಲಿನ ಎತ್ತರ 20 ಪಿಕ್ಸೆಲ್‌ಗೆ ಇಳಿಸಿದರೆ ಮಾತ್ರ ಕೊಟ್ರಪ್ಪ ಅನ್ನೋ ಥರದ ಹೆಸರುಗಳ ಒತ್ತಕ್ಷರಗಳು ಅರ್ಧಕ್ಕೆ ಕತ್ತರಿಸಿ ಹೋಗುತ್ತವೆ, 30 ಇಡಿ.

ಪೈಸೈಡ್6 ಎಲ್‌ಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸ್‌ನಲ್ಲೂ ಸಿಗುತ್ತದೆ, ಷರತ್ತು ಪಾಲಿಸಿದರೆ ಮಾರೋ ಸಾಫ್ಟ್‌ವೇರ್‌ಗೂ ದುಡ್ಡು ಕೊಡಬೇಕಿಲ್ಲ. ಇದೇ ಕೆಲಸದ ಇನ್ನೊಂದು ಲೈಬ್ರರಿ ಪೈಕ್ಯೂಟಿ6 ಹಾಗಲ್ಲ, ಸಾಫ್ಟ್‌ವೇರ್ ಕೊಂಡವರಿಗೆ ನಮ್ಮ ಕೋಡನ್ನೂ ಕೊಡಬೇಕೆನ್ನೋ ಜಿಪಿಎಲ್ ಬೇಡವೆಂದರೆ ಲೈಸೆನ್ಸ್ ಕೊಳ್ಳಬೇಕು. ಐದಕ್ಕೆ ನಾಲ್ಕು ಕೊಡ್ತೀನಿ. ಉಳಿದ ಒಂದು ಆ ಟೋಟಲ್ ಸಾಲಿಗೆ.